ಹಳದಿ ಬೋರ್ಡಿನ ಲೆಕ್ಕ

ಹದಿನೇಳು ವರ್ಷ ಆರ್‌ಟಿಓ ಗೇಟಿನ ಎದುರು
ಸ್ಟೂಲ್ ಹಾಕ್ಕೊಂಡು ಕುಂತಾಂವ ನಾನು.
ನವನಗರದ ಬಿಸಿಲು ಎಷ್ಟೊತ್ತಿಗೆ ಯಾವ ಗ್ವಾಡಿಗೆ ಬರ್ತೈತಿ
ಅಂತ ನಿದ್ದ್ಯಾಗ ಕೇಳಿದ್ರೂ ಹೇಳ್ತಿದ್ನಿ.
ಬಿಳಿ ಪ್ಲೇಟಿಗೆ ಎಂಬತ್ತು, ಹಳದಿಗೆ ನೂರು,
ಯಾಕಂದ್ರ ಹಳದಿ ಎರಡು ಕೋಟ್ ಕುಡೀತೈತಿ.

ಬ್ಯಾಡ್ಜ್ ಆದ ಹುಡುಗರು ಹೊಸಾ ಖಾಕಿ ಅಂಗಿ ಹಾಕ್ಕೊಂಡು ಬರೋರು,
"ದಾವಲಣ್ಣ, ಆರರ ಹೊಟ್ಟಿ ದುಂಡಗ ಬರಲಿ" ಅನ್ನೋರು.
ಬರೀತಿದ್ನಿ. ಅರವತ್ಮೂರರಾಗ
ಆರು, ಮೂರು ಒಂದರ ಮಾರಿ ಒಂದು ನೋಡ್ತಾವು,
ಜಗಳಾಡಿ ರಾಜಿ ಆದ ಗಂಡ ಹೆಂಡ್ತಿ ಹಂಗ.

ಆಮ್ಯಾಲೆ ಅಚ್ಚಿನ ಪ್ಲೇಟು ಬಂದ್ವು,
ಮೂಲ್ಯಾಗ ಮಿಂಚೋ ಚಕ್ರ.
ಬ್ರಷ್ ತೊಳದು ಡಬ್ಬ್ಯಾಗ ಇಟ್ನಿ.
ಜೈತುನಬಿ ಅಂದ್ಲು:
"ಊರ ಮಂದಿ ಗಾಡಿಗೆ ನಂಬರ್ ಬರದ್ರಿ,
ನೀವರ ಒಂದು ಗಾಡಿ ಹೊಡೀಬಾರದೇನು?"

ಎಷ್ಟು ಖರ್ಚು ಬರ್ತೈತಂತ ನನಗ ಗೊತ್ತೈತಿ ಅನ್ಕೊಂಡಿದ್ನಿ.
ಗೇಟಿನ ಹೊರಗ ಕುಂತಾಂವಗ
ಒಳಗಿನ ರೇಟು ಗೊತ್ತಿರೂದಿಲ್ಲ.

ಶಿವಪುತ್ರ ಹಡಪದ, ನನ್ನ ಬಾಜೂಕ ಕುಂಡ್ರೋ ಏಜೆಂಟ,
ಹತ್ತು ವರ್ಷ ನನ್ನ ಚಾದಾಗ ಅರ್ಧ ಚಾ ಕುಡದಾಂವ,
"ನಿನಗಂತ ಇನ್ನೂರು ಬಿಟ್ಟೀನಿ" ಅಂದು
ನಾಕು ಸಾವಿರದ ಮುನ್ನೂರು ಎಣಿಸಿಕೊಂಡ.
ಆ ಇನ್ನೂರರ ಉಪಕಾರಕ್ಕ
ಅವತ್ತಿನ ಚಾನೂ ನಂದ.

ಡಾಕ್ಟರ್ ಹೊಂಬಳ ಗ್ವಾಡಿ ಮ್ಯಾಲಿನ ಅಕ್ಷರ ಓದು ಅಂದ್ರು.
ಕಡೀ ಸಾಲಿನ ತನಕ ಓದಿ,
"ಮೂರನೇ ಸಾಲಿನ 'ಇ' ಐತಲ್ರಿ ಸರ್,
ಅದರ ಕೆಳಗಿನ ಗೆರಿ ಗಿಡ್ಡ ಆಗೇತಿ" ಅಂದ್ನಿ.
ನಕ್ರು.
ಸಹಿಗೆ ಮುನ್ನೂರು ನಗಲಾರದ ತಗೊಂಡ್ರು.

ಟ್ರ್ಯಾಕಿನ್ಯಾಗ ಎಂಟು ಹೊಡೀಬೇಕಿತ್ತು.
ಎಷ್ಟು ಸಾವಿರ ಎಂಟು ಬರದೈತೋ ಈ ಕೈ,
ಒಂದು ಸಲನೂ ಸೊಂಟದಾಗ ತಪ್ಪಿಲ್ಲ.
ಗಾಡಿಲೆ ಬರಿಯೂವಾಗ ಅದ ಸೊಂಟದಾಗ
ಕಂಬ ಬಡದ್ನಿ.
ಮತ್ತ ಫೀ, ಮತ್ತ ಅಳಿಯನ ಕಾರಿಗೆ ಡೀಸೆಲ್,
ಮತ್ತ ಎರಡು ದಿನದ ಪಗಾರ ಇಲ್ಲ.
(ಪಗಾರ ಎಲ್ಲಿತ್ತು? ಆದ್ರೂ ಬರದೀನಿ, ಬರದ್ರ ಸಮಾಧಾನ.)

ಠಾಣೆಯಿಂದ ಒಬ್ಬಾಂವ ಮನಿಗೆ ಬಂದ.
"ಕೇಸ್ ಗೀಸ್ ಏನರ ಅದಾವೇನು ನಿನ್ನ ಮ್ಯಾಲೆ?"
ಇಲ್ರಿ, ನಿಮ್ಮ ಠಾಣೆ ಬೋರ್ಡ್ ಬರದಾಂವ ನಾನ,
ಅದರ ರೊಕ್ಕ ಬಾಕಿ ಐತ್ರಿ ನಿಮ್ಮ ಮ್ಯಾಲೆ, ಅನ್ನಾಕ ಹೋಗಿ
"ಚಾ ತಗೋರಿ" ಅಂದ್ನಿ.
ಚಾ ಕುಡದ. ಪೆಟ್ರೋಲಿಗಂತ ಐನೂರು.

ಅಂಗಿ ಹೊಲಿಯಾಕ ನಾಕ್ನೂರಾ ಐವತ್ತು.
ಫೋಟೋ ಎರಡು ಸಲ, ಮದ್ಲಿನದರಾಗ ಕಿವಿಗೆ ಪೇಂಟ್ ಇತ್ತು.
ವಿಮಾ, ಪರ್ಮಿಟ್,
ಹಳೇ ಕಾರಿಗೆ ಮುಂಗಡ. ಆ ಅಂಕಿ
ಹಾಳಿ ಹಿಂದ ಸಣ್ಣಗ ಬರದೀನಿ.
ಜೈತುನಬಿ ಎಂಟು ತಿಂಗಳ ಮದ್ಲ ಭಿಶಿ ಎತ್ತಿದ್ಲು,
ಕಡಿತ ಎಷ್ಟಾತಂತ ಹೇಳಲಿಲ್ಲ.
ಅದನ್ನ ಯಾವ ಸಾಲಿನ್ಯಾಗ ಹಾಕಬೇಕು
ನನಗೂ ತಿಳೀಲಿಲ್ಲ.

ಕಡೀಕ ಗಾಡಿ ಪಾಸಿಂಗಿಗೆ ಹೋತು.
ಸಾಹೇಬ್ರು ಸುತ್ತ ತಿರುಗಿ ನೋಡಿದ್ರು, ಟೈರ್ ಒದ್ದರು,
"ಬಾಗಲಾ ಮ್ಯಾಲೆ ಮಾಲಕನ ಹೆಸರು ಎಲ್ಲಿ?
ಹೊರಗ ಪೇಂಟರ್ ಕುಂತಿರ್ತಾನ, ಬರಸ್ಕೊಂಡು ಬಾ" ಅಂದ್ರು.

ಹೊರಗ ಬಂದ್ನಿ. ಸ್ಟೂಲ್ ಇತ್ತು.
ಅದರ ಮ್ಯಾಲೆ ಜೆರಾಕ್ಸಿನಾಂವ ಕಾಗದದ ಗಂಟು ಇಟ್ಟಿದ್ದ.
ಗಂಟು ಸರಿಸಿದ್ನಿ. ಮನಿಗೆ ಹೋಗಿ ಡಬ್ಬಿ ತಂದ್ನಿ.
ಬ್ರಷ್ ಕಲ್ಲಾಗಿತ್ತು, ಸೀಮೆಎಣ್ಣ್ಯಾಗ ಬಾಳ ಹೊತ್ತು ನೆನೀತು.
ದಾವಲಸಾಬ ಅಂತ ಬರದ್ನಿ,
'ದ'ಕ್ಕ ಸ್ವಲ್ಪ ನೆರಳೂ ಕೊಟ್ನಿ.
ಯಾರೂ ಕೇಳಿರಲಿಲ್ಲ.

ರಾತ್ರಿ ಜೈತುನಬಿ ಚೀಟಿ ಹಿಡಕೊಂಡು ಒಂದೊಂದ ಕೂಡಿಸಿದ್ಲು.
ತುದಿಗೆ ಬಂದು ಬೆರಳು ನಿಲ್ಲಿಸಿ
"ಪೇಂಟರಗ ಎಷ್ಟು ಕೊಟ್ರಿ?" ಅಂದ್ಲು.

ಕೊಟ್ಟಿಲ್ಲ ಅಂದ್ನಿ.